ಕುಡುಗೋಲು ರಕ್ತಕಣ ಮತ್ತು ಮೂತ್ರಪಿಂಡ: ಹೆತ್ತವರಿಂದ ಬರುವ ಒಂದು ಕಾಯಿಲೆಯ ವಿಚಾರ



ಇಂದು ನಾನು ಒಂದು ಕಾಯಿಲೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಲೆಡ್ಜರು, ಚಲನ್, ಪಾಸ್‌ಬುಕ್ಕು, ಇಷ್ಟೇ ನನ್ನ ವಿದ್ಯೆ. ಹಾಗಿದ್ದೂ ಈ ವಿಷಯವನ್ನು ಎತ್ತಿಕೊಂಡಿದ್ದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ಶಾಖೆಗೆ ಒಬ್ಬ ಹುಡುಗ ದಿನಗೂಲಿಯ ಮೇಲೆ ಜವಾನನಾಗಿ ಬರುತ್ತಿದ್ದ. ಮಸಿನಗುಡಿ ಕಡೆಯ ಒಂದು ಹಾಡಿಯವನು. ಇಪ್ಪತ್ತರ ಆಸುಪಾಸಿನ ವಯಸ್ಸು, ತೆಳ್ಳನೆಯ ಮೈಕಟ್ಟು, ಕಣ್ಣು ಸದಾ ಸ್ವಲ್ಪ ಹಳದಿ. ಅರ್ಧ ಗಂಟೆಗೊಮ್ಮೆ ನೀರಿನ ಕೊಡದ ಹತ್ತಿರ ಹೋಗುತ್ತಿದ್ದ, ಮತ್ತೆ ಅರ್ಧ ಗಂಟೆಗೊಮ್ಮೆ ಹಿತ್ತಲಿಗೆ ಹೋಗುತ್ತಿದ್ದ. ತಿಂಗಳಲ್ಲಿ ಎರಡು ಮೂರು ದಿನ ಕೈಕಾಲು ನೋವೆಂದು ಬರುತ್ತಲೇ ಇರಲಿಲ್ಲ. 'ಮೈಗಳ್ಳ' ಎಂದು ನಾವೆಲ್ಲ ಅವನಿಗೆ ಹೆಸರಿಟ್ಟೆವು. ಒಂದು ದಿನ ಎಲ್ಲರ ಎದುರಿಗೆ, ಗಿರಾಕಿಗಳೂ ನಿಂತಿದ್ದಾಗ, 'ನೀರು ಕುಡಿಯೋಕೆ ಸಂಬಳ ಕೊಡ್ತಾರೇನಪ್ಪಾ ನಿನಗೆ?' ಎಂದು ಗದರಿದವನು ನಾನೇ. ಅವನು ತಲೆ ತಗ್ಗಿಸಿ ಫೈಲು ಎತ್ತಿಕೊಂಡು ಹೋದ.

ಕೆಲವು ತಿಂಗಳ ಮೇಲೆ ಅವನು ಬರುವುದೇ ನಿಂತಿತು. ಮೂತ್ರದಲ್ಲಿ ರಕ್ತ ಹೋಗುತ್ತಿದೆಯಂತೆ ಎಂದು ಯಾರೋ ಹೇಳಿದರು. ಆಮೇಲೊಂದು ದಿನ ಅವನ ತಂದೆ ಕೌಂಟರಿನ ಹತ್ತಿರ ಬಂದು, ಮಡಿಸಿದ ಒಂದು ಕಾಗದವನ್ನು ನನ್ನ ಮುಂದಿಟ್ಟು, 'ಸಾರ್, ಇದರಲ್ಲಿ ಏನು ಬರೆದಿದ್ದಾರೆ, ಓದಿ ಹೇಳಿ' ಎಂದರು. ಆಸ್ಪತ್ರೆಯ ಚೀಟಿ. ಅಕ್ಷರಗಳನ್ನು ಓದಿದೆ, ಅರ್ಥ ಮಾತ್ರ ಆಗಲಿಲ್ಲ. 'ಹಿಮೋಗ್ಲೋಬಿನ್ ಎಸ್.ಎಸ್.' ಎಂದಿತ್ತು. 'ಮನೆಯವಳ ಕಡೆಯಿಂದ ಬಂದ ಶಾಪ ಅಂತಾರೆ ಸಾರ್ ಊರವರು. ಮಗಳಿಗೆ ನೋಡಿದ್ದ ಗಂಡೂ ಬೇಡ ಅಂದುಬಿಟ್ಟರು' ಎಂದು ಆ ಮುದುಕರು ಕಣ್ಣೊರೆಸಿಕೊಂಡರು. ಅಂದು ಅವರಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆ ಉತ್ತರವನ್ನು ವೈದ್ಯರಲ್ಲಿ ಕೇಳಿ, ಪುಸ್ತಕಗಳಲ್ಲಿ ಹುಡುಕಿ, ನಿಧಾನವಾಗಿ ಕಲಿತೆ. ಅದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಮೂತ್ರಪಿಂಡದ ವಿಚಾರ. ನಾವು ಕಿಡ್ನಿ ಎನ್ನುತ್ತೇವಲ್ಲ, ಅದೇ. ಬೆನ್ನಿನ ಹಿಂಭಾಗದಲ್ಲಿ, ಪಕ್ಕೆಲುಬಿನ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಇವೆ. ಗಾತ್ರ ಒಂದು ಮುಷ್ಟಿಯಷ್ಟು, ಆಕಾರ ಹುರುಳಿಕಾಯಿಯ ಬೀಜದ್ದು. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ದಿನಕ್ಕೆ ಸುಮಾರು 180 ಲೀಟರು ದ್ರವ ರಕ್ತದಿಂದ ಈ ಜರಡಿಗಳ ಮೂಲಕ ಸೋಸಿ ಕೆಳಗಿಳಿಯುತ್ತದೆ. ಆದರೆ ನಾವು ಹೊರಹಾಕುವ ಮೂತ್ರ ಒಂದೂವರೆ ಲೀಟರಿನ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು? ಬೇಕಾದ ನೀರನ್ನೂ ಉಪ್ಪನ್ನೂ ಸಕ್ಕರೆಯನ್ನೂ ಮೂತ್ರಪಿಂಡವೇ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಕಸವನ್ನು ಮಾತ್ರ ಹೊರಗೆ ಕಳಿಸುತ್ತದೆ. ಮನೆಯಲ್ಲಿ ಪೆಟ್ಟಿಗೆಯ ಸಾಮಾನನ್ನೆಲ್ಲ ಅಂಗಳಕ್ಕೆ ಸುರಿದು, ಬೇಕಾದ್ದನ್ನು ಆರಿಸಿ ಒಳಗಿಟ್ಟು, ಬೇಡದ್ದನ್ನು ತಿಪ್ಪೆಗೆ ಹಾಕುವ ಗೃಹಿಣಿಯ ಕೆಲಸದಂತೆ ಇದು. ಹೀಗೆ ನೀರನ್ನು ಮರಳಿ ಪಡೆದು ಮೂತ್ರವನ್ನು ಗಟ್ಟಿಗೊಳಿಸುವ ಕೊನೆಯ ಹಂತದ ಕೆಲಸ ನಡೆಯುವುದು ಮೂತ್ರಪಿಂಡದ ಒಳಗಿನ ತಿರುಳಿನಲ್ಲಿ. ಈ 'ಒಳ ತಿರುಳು' ಎಂಬ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ರಕ್ತ. ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್ ಎಂಬ ವಸ್ತುವಿನಿಂದ. ಉಸಿರಿನಲ್ಲಿ ಬಂದ ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುವ ಕೂಲಿಯಾಳು ಅದು. ಅದನ್ನು ತುಂಬಿಕೊಂಡ ಕೆಂಪು ಕಣ ದುಂಡಗೆ, ಮೆತ್ತಗೆ ಇರುತ್ತದೆ. ಕೂದಲೆಳೆಗಿಂತ ಸಣ್ಣ ನಾಳದಲ್ಲೂ ಮೈ ಬಗ್ಗಿಸಿ ನುಸುಳಿಕೊಂಡು ಹೋಗುತ್ತದೆ. ಕೆಲವರ ರಕ್ತದಲ್ಲಿ ಈ ಹಿಮೋಗ್ಲೋಬಿನ್ ಸ್ವಲ್ಪ ಬೇರೆ ಬಗೆಯದು. ಆಮ್ಲಜನಕ ಕಡಿಮೆಯಾದ ಕಡೆ ಅದು ಕಡ್ಡಿಕಡ್ಡಿಯಾಗಿ ಒಂದಕ್ಕೊಂದು ಅಂಟಿಕೊಂಡು ಬಿರುಸಾಗುತ್ತದೆ. ಆಗ ದುಂಡಗಿದ್ದ ಕಣ ಬಾಗಿ, ಹುಲ್ಲು ಕೊಯ್ಯುವ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಗೂಡಲೂರಿನ ಸಂತೆಯಲ್ಲಿ ತಮಿಳರೂ ಮಲೆಯಾಳಿಗಳೂ 'ಅರಿವಾಳ್' ಎನ್ನುವುದನ್ನು ನೀವು ಕೇಳಿರುತ್ತೀರಿ. ಈ ಕಾಯಿಲೆಗೂ ಅವರು ಅದೇ ಹೆಸರನ್ನು ಸೇರಿಸಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಸಿಕಲ್ ಸೆಲ್. ಒಳ್ಳೆಯ ಕೆಂಪು ಕಣ ಸುಮಾರು 120 ದಿನ ಬಾಳಿದರೆ, ಈ ಬಾಗಿದ ಕಣ 10ರಿಂದ 20 ದಿನಗಳಲ್ಲಿ ಒಡೆದುಹೋಗುತ್ತದೆ. ಅದರಿಂದ ರಕ್ತಹೀನತೆ, ಅದರಿಂದಲೇ ಕಣ್ಣಿನ ಹಳದಿ. ಸಣ್ಣ ನಾಳಗಳಲ್ಲಿ ಕಣಗಳು ಸಿಕ್ಕಿಹಾಕಿಕೊಂಡರೆ ಅಲ್ಲಿಗೆ ರಕ್ತ ಹರಿಯುವುದಿಲ್ಲ. ಅದರಿಂದ ಮೂಳೆಮೂಳೆಯೂ ಕಿತ್ತುಬರುವಂಥ ನೋವು.

ಇದನ್ನು ಮೊದಲು ವೈದ್ಯ ಪತ್ರಿಕೆಯಲ್ಲಿ ವಿವರಿಸಿದವರು ಅಮೆರಿಕದ ಚಿಕಾಗೋ ನಗರದ ಡಾಕ್ಟರ್ ಜೇಮ್ಸ್ ಹೆರಿಕ್, 1910ರಲ್ಲಿ. ಅವರ ರೋಗಿ ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿ. 1949ರಲ್ಲಿ ಲೈನಸ್ ಪಾಲಿಂಗ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು ಈ ರೋಗಿಗಳ ಹಿಮೋಗ್ಲೋಬಿನ್ನೇ ಬೇರೆ ಎಂದು ತೋರಿಸಿದರು. 1956ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವೆರ್ನಾನ್ ಇಂಗ್ರಾಮ್ ಎಂಬವರು ತಪ್ಪು ಎಲ್ಲಿದೆ ಎಂಬುದನ್ನೂ ಹಿಡಿದರು. ಹಿಮೋಗ್ಲೋಬಿನ್ನಿನ ಒಂದು ಎಳೆಯಲ್ಲಿ 146 ಮಣಿಗಳು ಪೋಣಿಸಿದಂತೆ ಇವೆ. ಅದರಲ್ಲಿ ಆರನೆಯ ಮಣಿ ಬದಲಾಗಿದೆ, ಅಷ್ಟೇ. ಆ ಮಣಿ ಬದಲಾಗಲು ಕಾರಣ ನಮ್ಮ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ.

ಒಂದು ಅಕ್ಷರದಿಂದ ಇಷ್ಟೊಂದು ಅನಾಹುತವೇ ಎಂದು ನೀವು ಕೇಳಬಹುದು. ಬ್ಯಾಂಕಿನವನಿಗೆ ಅದು ಆಶ್ಚರ್ಯದ ಮಾತಲ್ಲ. ಕೈಬರಹದ ಲೆಡ್ಜರುಗಳಿದ್ದ ಕಾಲದಲ್ಲಿ, ಒಂದು ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವಾಗ 6ರ ಬದಲು 9 ಬರೆದರೆ, ಅಲ್ಲಿಂದ ಮುಂದೆ ಪ್ರತಿ ಪುಟವೂ ತಪ್ಪು. ಮುಂದಿನ ಗುಮಾಸ್ತ ತನಗೆ ಬಂದ ಅಂಕಿಯನ್ನು ಪ್ರಾಮಾಣಿಕವಾಗಿಯೇ ಮುಂದಕ್ಕೆ ತೆಗೆದುಕೊಂಡು ಹೋಗುತ್ತಾನೆ. ಅವನ ತಪ್ಪೇನಿದೆ? ತಂದೆ ತಾಯಿಯರೂ ಹಾಗೆಯೇ. ತಮಗೆ ಬಂದದ್ದನ್ನು ಮಕ್ಕಳಿಗೆ ದಾಟಿಸಿರುತ್ತಾರೆ. ಅದರಲ್ಲಿ ಅವರ ಪಾಪವೂ ಇಲ್ಲ, ಯಾರ ಶಾಪವೂ ಇಲ್ಲ.

ಈಗ ನಮ್ಮ ನೀಲಗಿರಿಗೆ ಬರೋಣ. ಈ ರಕ್ತದ ಗುಣ ಆಫ್ರಿಕ ಮೂಲದವರಲ್ಲಿ ಮಾತ್ರ ಇರುವುದೆಂದು ಬಹುಕಾಲ ನಂಬಿದ್ದರು. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಇಬ್ಬರು ಸಂಶೋಧಕರು 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ನೀಲಗಿರಿಯ ಬುಡಕಟ್ಟು ಜನರಲ್ಲಿ, ಈ ಗುಣ ಇದೆಯೆಂದು ಅದರಲ್ಲಿ ತೋರಿಸಿದರು. ಲೇಮನ್ 1910ರಲ್ಲಿ ಜರ್ಮನಿಯ ಹಾಲೆ ಪಟ್ಟಣದಲ್ಲಿ ಹುಟ್ಟಿದವರು. ಹಿಟ್ಲರನ ಆಳ್ವಿಕೆಯ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ ಬಂದು ನೆಲೆಸಿದ ಜೀವರಸಾಯನ ವಿಜ್ಞಾನಿ. ಜೀವಮಾನವೆಲ್ಲ ಬಗೆಬಗೆಯ ಹಿಮೋಗ್ಲೋಬಿನ್‌ಗಳ ಬೆನ್ನು ಹತ್ತಿದವರು. ಅದೇ ವರ್ಷ ಮೇಲಿನ ಅಸ್ಸಾಮಿನ ಚಹಾ ತೋಟದ ಕೂಲಿಗಳಲ್ಲಿಯೂ ಈ ಕಾಯಿಲೆ ಕಂಡುಬಂದ ವರದಿ ಬಂತು. ಅಂದರೆ, ಭಾರತದಲ್ಲಿ ಈ ರೋಗದ ಚರಿತ್ರೆಯ ಮೊದಲ ಪುಟದಲ್ಲಿಯೇ ನಮ್ಮ ಬೆಟ್ಟದ ಹೆಸರಿದೆ.

ಇದನ್ನು ಪತ್ತೆ ಮಾಡುವ ಹಳೆಯ ವಿಧಾನ ತೀರ ಸರಳ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು, ಆಮ್ಲಜನಕವನ್ನು ಹೀರುವ ಒಂದು ದ್ರಾವಣ ಬೆರೆಸಿ, ಗಾಳಿಯಾಡದಂತೆ ಮುಚ್ಚಿಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುಣ ಇದ್ದವರ ಕಣಗಳು ಬಾಗಿರುತ್ತವೆ. ಆದರೆ ಅವರು ವಾಹಕರೋ ರೋಗಿಗಳೋ ಎಂಬುದನ್ನು ಇದರಿಂದ ಹೇಳಲಾಗದು. ಅದಕ್ಕೆ ವಿದ್ಯುತ್ತಿನ ಸಹಾಯದಿಂದ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಪರೀಕ್ಷೆ ಬೇಕು, ಅಥವಾ ಅದೇ ಕೆಲಸ ಮಾಡುವ ಬೇರೆ ಯಂತ್ರ ಬೇಕು.

ಈ ಗುಣ ನಮ್ಮ ಕಾಡಂಚಿನ ಜನರಲ್ಲಿ ಏಕೆ ಉಳಿಯಿತು? ಇದಕ್ಕೆ ಉತ್ತರ ಕೊಟ್ಟವರು ಆಂಥನಿ ಆಲಿಸನ್, 1954ರಲ್ಲಿ, ಪೂರ್ವ ಆಫ್ರಿಕದಲ್ಲಿ ನಡೆಸಿದ ಅಧ್ಯಯನದಿಂದ. ಒಂದೇ ಕಡೆಯಿಂದ, ಅಂದರೆ ತಾಯಿಯಿಂದ ಇಲ್ಲವೆ ತಂದೆಯಿಂದ ಮಾತ್ರ, ಈ ಗುಣ ಪಡೆದ ಮಕ್ಕಳನ್ನು ಮಾರಕ ಮಲೇರಿಯಾ ಅಷ್ಟಾಗಿ ಕೊಲ್ಲುವುದಿಲ್ಲ. ವಯನಾಡಿನ, ಸೀಗೂರಿನ, ಮೋಯಾರ್ ಕಣಿವೆಯ ಹಳೆಯ ಚಳಿಜ್ವರದ ಕಥೆಗಳನ್ನು ನಿಮ್ಮ ಅಜ್ಜಿಯರಿಂದ ಕೇಳಿದ್ದೀರಲ್ಲವೇ? ಮೇಲಿನವರು ಕೆಳಗಿನ ಕಾಡಿನಲ್ಲಿ ರಾತ್ರಿ ತಂಗಲು ಹೆದರುತ್ತಿದ್ದ ಕಾಲ ಅದು. ಆ ಕಾಡಿನಲ್ಲೇ ಹುಟ್ಟಿ ಬೆಳೆದವರನ್ನು ತಲೆಮಾರುಗಟ್ಟಲೆ ಕಾಪಾಡಿದ ಕವಚಗಳಲ್ಲಿ ಇದೂ ಒಂದು. ಶಾಪವೆಂದು ನಾವು ಜರೆಯುವುದು ಒಂದು ಕಾಲದಲ್ಲಿ ವರವಾಗಿತ್ತು. ಒಂದು ಪಾಲು ಬಂದರೆ ರಕ್ಷೆ, ಎರಡು ಪಾಲು ಬಂದರೆ ಶಿಕ್ಷೆ. ಇಷ್ಟೇ ಇದರ ಗುಟ್ಟು.

ಈ ಒಂದು ಪಾಲು, ಎರಡು ಪಾಲಿನ ಲೆಕ್ಕವನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಗಂಡ ಹೆಂಡತಿ ಸೇರಿ ಜಂಟಿ ಖಾತೆ ತೆರೆಯುತ್ತಾರೆ. 'ಇಬ್ಬರಲ್ಲಿ ಯಾರಾದರೊಬ್ಬರು' ಎಂದು ಬರೆದುಕೊಟ್ಟಿದ್ದರೆ ಒಬ್ಬರ ರುಜು ಕೆಟ್ಟರೂ ಇನ್ನೊಬ್ಬರ ರುಜುವಿನಿಂದ ಖಾತೆ ನಡೆಯುತ್ತದೆ. ನಮ್ಮ ಮೈಯಲ್ಲೂ ಪ್ರತಿಯೊಂದು ಗುಣಕ್ಕೆ ತಾಯಿಯ ಒಂದು ಪ್ರತಿ, ತಂದೆಯ ಒಂದು ಪ್ರತಿ ಇರುತ್ತದೆ. ಒಂದು ಪ್ರತಿ ಸರಿಯಾಗಿದ್ದು ಇನ್ನೊಂದರಲ್ಲಿ ಈ ವ್ಯತ್ಯಾಸವಿದ್ದರೆ ಅವರು 'ವಾಹಕರು'. ಅವರು ರೋಗಿಗಳಲ್ಲ. ದುಡಿಯುತ್ತಾರೆ, ಮದುವೆಯಾಗುತ್ತಾರೆ, ಮುಪ್ಪಿನ ತನಕ ಬಾಳುತ್ತಾರೆ. ಎರಡು ಪ್ರತಿಯೂ ಹಾಗೇ ಇದ್ದರೆ ಮಾತ್ರ ರೋಗ. ಆ ಚೀಟಿಯಲ್ಲಿದ್ದ 'ಎಸ್.ಎಸ್.' ಎಂಬ ಎರಡು ಅಕ್ಷರಗಳ ಅರ್ಥ ಇದೇ. ತಾಯಿಯಿಂದ ಒಂದು ಎಸ್, ತಂದೆಯಿಂದ ಒಂದು ಎಸ್. ಹೆಣ್ಣಿನ ಕಡೆಯಿಂದ ಬಂತೆಂದು ಊರು ಹೇಳಿದ್ದು ಅರ್ಧ ಲೆಕ್ಕ. ಅರ್ಧ ಲೆಕ್ಕ ಯಾವಾಗಲೂ ತಪ್ಪು ಲೆಕ್ಕವೇ.

ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. ಇಲ್ಲಿ ಒಂದು ಎಚ್ಚರಿಕೆ. ಮೊದಲ ಮಗುವಿಗೆ ಬಂದುಬಿಟ್ಟಿತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂದು ಲೆಕ್ಕ ಹಾಕಬೇಡಿ. ನಾಣ್ಯ ಚಿಮ್ಮಿದಂತೆ, ಪ್ರತಿ ಸಲವೂ ಹೊಸ ಲೆಕ್ಕ. ಒಬ್ಬರು ವಾಹಕರು, ಇನ್ನೊಬ್ಬರು ಗುಣವಿಲ್ಲದವರು ಆಗಿದ್ದರೆ ಮಕ್ಕಳಿಗೆ ಈ ರೋಗ ಬರುವುದಿಲ್ಲ, ಅರ್ಧದಷ್ಟು ಸಂಭವದಲ್ಲಿ ವಾಹಕರಾಗಬಹುದು. ಒಬ್ಬರು ರೋಗಿ, ಇನ್ನೊಬ್ಬರು ಗುಣವಿಲ್ಲದವರು ಆಗಿದ್ದರೂ ಮಕ್ಕಳು ವಾಹಕರಾಗುತ್ತಾರೆಯೇ ಹೊರತು ರೋಗಿಗಳಾಗುವುದಿಲ್ಲ. ಇದು ಒಂದೇ ಜಾತಿಯ, ಒಂದೇ ಹಾಡಿಯ ಕಾಯಿಲೆಯೆಂದೂ ತಿಳಿಯಬೇಡಿ. ಪಣಿಯರು, ಕುರುಂಬರು, ಇರುಳರಲ್ಲಿ ಇರುವಂತೆ, ಪಕ್ಕದ ವಯನಾಡಿನಲ್ಲಿ ಬೇಸಾಯಗಾರರಾದ ಚೆಟ್ಟಿ ಸಮುದಾಯದಲ್ಲಿಯೂ ಇದು ಕಂಡುಬಂದಿದೆ.

ಇನ್ನು ಮೂತ್ರಪಿಂಡಕ್ಕೂ ಇದಕ್ಕೂ ಏನು ಸಂಬಂಧ? 'ಒಳ ತಿರುಳು' ಎಂದು ಹೇಳಿದ್ದೆನಲ್ಲ, ಅಲ್ಲಿಗೆ ಬರುತ್ತೇನೆ. ನೀರನ್ನು ಮರಳಿ ಎಳೆದುಕೊಳ್ಳಲೆಂದು ಆ ಜಾಗ ಹುಟ್ಟಿನಿಂದಲೇ ಬಹಳ ಉಪ್ಪಾಗಿರುತ್ತದೆ, ಅಲ್ಲಿ ಆಮ್ಲಜನಕವೂ ಕಡಿಮೆ. ಉಪ್ಪಿನ ಜಾಗದಲ್ಲಿ ಕಣಗಳು ನೀರು ಕಳೆದುಕೊಂಡು ಮುದುಡುತ್ತವೆ. ಕಣ ಬಾಗಲು ಬೇಕಾದ ಎಲ್ಲ ಅನುಕೂಲವೂ ಅಲ್ಲಿಯೇ ಕೂಡಿಬಂದಿದೆ. ಮೈಯ ಬೇರೆಲ್ಲೂ ಬಾಗದ ಕಣ ಅಲ್ಲಿ ಬಾಗುತ್ತದೆ. ಸಣ್ಣ ರಕ್ತನಾಳಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ. ಮೊದಲು ಕೆಡುವುದು ನೀರನ್ನು ಹಿಡಿದಿಡುವ ಶಕ್ತಿ. ರೋಗವಿರುವ ಮಕ್ಕಳಲ್ಲಿ ಚಿಕ್ಕ ವಯಸ್ಸಿನಲ್ಲೇ ಇದು ಶುರುವಾಗುತ್ತದೆ. ಮೂತ್ರ ತಿಳಿನೀರಿನಂತೆ ಹೆಚ್ಚಾಗಿ ಹೋಗುತ್ತದೆ. ರಾತ್ರಿ ಮಗು ಎರಡು ಮೂರು ಸಲ ಏಳುತ್ತದೆ, ದೊಡ್ಡದಾದ ಮೇಲೂ ಹಾಸಿಗೆ ಒದ್ದೆ ಮಾಡುತ್ತದೆ. ಹೋದ ನೀರನ್ನು ತುಂಬಲು ಸದಾ ಬಾಯಾರಿಕೆ. ನೀರು ಸಿಗದಿದ್ದರೆ ರಕ್ತ ಗಟ್ಟಿಯಾಗುತ್ತದೆ, ಇನ್ನಷ್ಟು ಕಣಗಳು ಬಾಗುತ್ತವೆ, ನೋವು ಕೆರಳುತ್ತದೆ.

ಬಂಧುಗಳೇ, ಇದನ್ನು ವೈದ್ಯರು ನನಗೆ ವಿವರಿಸಿದ ದಿನ ನನಗೆ ಕಂಡದ್ದು ಆ ಹುಡುಗನೇ. ಅರ್ಧ ಗಂಟೆಗೊಮ್ಮೆ ನೀರಿನ ಕೊಡ, ಅರ್ಧ ಗಂಟೆಗೊಮ್ಮೆ ಹಿತ್ತಲು. ಅವನು ಮೈಗಳ್ಳನಾಗಿರಲಿಲ್ಲ. ಅವನ ಮೂತ್ರಪಿಂಡ ನೀರು ಹಿಡಿಯಲಾರದೆ ಸೋರುತ್ತಿತ್ತು. ಆ ನೀರನ್ನು ಕುಡಿಯಬೇಡವೆಂದು ನಾನು ಗದರಿದ್ದೆ.

ಮುಂದೆ ತಿರುಳಿನ ಕೆಲವು ಭಾಗ ರಕ್ತವಿಲ್ಲದೆ ಸತ್ತು, ಮೂತ್ರದಲ್ಲಿ ರಕ್ತ ಕಾಣಬಹುದು. ಇದು ಒಮ್ಮೊಮ್ಮೆ ವಾಹಕರಲ್ಲೂ ಆಗುತ್ತದೆ. ವಾಹಕರಿಗೆ ಸಾಮಾನ್ಯವಾಗಿ ಬೇರೆ ತೊಂದರೆ ಇಲ್ಲವೆಂದರೂ, ಕೆಂಪು ಮೂತ್ರ ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ರೋಗವಿರುವವರಲ್ಲಿ ವರ್ಷಗಳು ಕಳೆದಂತೆ ಜರಡಿಗಳೂ ಹಾಳಾಗಿ, ಹೊರಗೆ ಹೋಗಬಾರದ ಪ್ರೋಟೀನು ಮೂತ್ರದಲ್ಲಿ ಸೋರಲು ತೊಡಗುತ್ತದೆ. ಇದಕ್ಕೆ ನೋವಿಲ್ಲ, ಉರಿಯಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಅಂಶವನ್ನು ನೋಡುತ್ತಾರಲ್ಲ, ಈ ರೋಗಿಗಳಲ್ಲಿ ಅದು ಬಹುಕಾಲ ಸರಿಯಾಗಿಯೇ ಕಾಣಬಹುದು. ಆದ್ದರಿಂದ ರಕ್ತ ಪರೀಕ್ಷೆಯೊಂದನ್ನೇ ನಂಬಿ ಕೂರದೆ, ವರ್ಷಕ್ಕೊಮ್ಮೆಯಾದರೂ ಮೂತ್ರದ ಪ್ರೋಟೀನು ಪರೀಕ್ಷೆ ಮಾಡಿಸಬೇಕು. ಸೋರಿಕೆ ಬೇಗ ಗೊತ್ತಾದರೆ ಅದನ್ನು ತಗ್ಗಿಸುವ ಮಾತ್ರೆಗಳಿವೆ. ತಡವಾದರೆ ಡಯಾಲಿಸಿಸ್ ಎಂಬ ಯಂತ್ರದ ಬಾಗಿಲಿಗೆ ಹೋಗಬೇಕಾಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ನೀರು ಧಾರಾಳವಾಗಿ ಕುಡಿಯಬೇಕು. ತೋಟದ ಕೆಲಸಕ್ಕೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ನೀರಿನ ಬಾಟಲಿಯನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಮೂತ್ರಪಿಂಡ ಈಗಾಗಲೇ ಬಹಳ ಕೆಟ್ಟವರು ಮಾತ್ರ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಬೇಕು. ನಮ್ಮ ಬೆಟ್ಟದ ಚಳಿ ನೋವನ್ನು ಕೆರಳಿಸುತ್ತದೆ, ಮೈ ಬೆಚ್ಚಗಿರಲಿ. ಜ್ವರ, ಭೇದಿ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೋವು ಬಂದಾಗ ಅಂಗಡಿಯಲ್ಲಿ ಸಿಕ್ಕ ಮಾತ್ರೆಯನ್ನು ನುಂಗುವ ಅಭ್ಯಾಸವನ್ನು ಬಿಡಬೇಕು. ಮೈಕೈ ನೋವಿಗೆ ನಾವು ಕೊಳ್ಳುವ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ವೈರಿಗಳು. ಹೈಡ್ರಾಕ್ಸಿಯೂರಿಯ ಎಂಬ ಔಷಧವಿದೆ. ಹಸುಗೂಸಿನಲ್ಲಿರುವ ಬಗೆಯ ಒಳ್ಳೆಯ ಹಿಮೋಗ್ಲೋಬಿನ್ನನ್ನು ಅದು ಹೆಚ್ಚಿಸಿ, ನೋವಿನ ದಾಳಿಗಳನ್ನು ತಗ್ಗಿಸುತ್ತದೆ. ಅಮೆರಿಕದಲ್ಲಿ 1998ರಲ್ಲಿ ಈ ರೋಗಕ್ಕೆ ಅದಕ್ಕೆ ಅನುಮತಿ ಸಿಕ್ಕಿತು. ಆದರೆ ಅದನ್ನು ವೈದ್ಯರ ನಿಗಾದಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡೇ ತೆಗೆದುಕೊಳ್ಳಬೇಕು. ಬಸಿರಾಗುವ ಆಲೋಚನೆ ಇರುವವರು ಮೊದಲೇ ಹೇಳಬೇಕು.

ಹೆತ್ತವರಿಂದ ಬಂದು ಮೂತ್ರಪಿಂಡವನ್ನು ಕೆಡಿಸುವ ಕಾಯಿಲೆ ಇದೊಂದೇ ಅಲ್ಲ. ಪಾಲಿಸಿಸ್ಟಿಕ್ ಎಂಬುದೊಂದಿದೆ. ಅದರಲ್ಲಿ ಮೂತ್ರಪಿಂಡದ ತುಂಬ ನೀರಿನ ಗುಳ್ಳೆಗಳು ಬೆಳೆಯುತ್ತವೆ. ಅದರ ಸಾಮಾನ್ಯ ಬಗೆಯಲ್ಲಿ ಜಂಟಿ ಖಾತೆಯ ಲೆಕ್ಕ ನಡೆಯುವುದಿಲ್ಲ. ತಾಯಿ ಅಥವಾ ತಂದೆಯ ಒಂದೇ ಪ್ರತಿ ಕೆಟ್ಟಿದ್ದರೂ ರೋಗ ಬರುತ್ತದೆ. ಆದ್ದರಿಂದ ಮಕ್ಕಳಿಗೆ ಬರುವ ಸಂಭವ ಎರಡರಲ್ಲಿ ಒಂದು. 1994ರಲ್ಲಿ ಯುರೋಪಿನ ಸಂಶೋಧಕರು ಅದರ ಮುಖ್ಯ ವಂಶವಾಹಿಯನ್ನು 16ನೆಯ ವರ್ಣತಂತುವಿನಲ್ಲಿ ಕಂಡುಹಿಡಿದರು. ಅವರಿಗೆ ದಾರಿ ತೋರಿಸಿದ್ದು ಪೋರ್ಚುಗಲ್ಲಿನ ಒಂದು ಕುಟುಂಬದ ತಾಯಿ ಮತ್ತು ಮಗಳ ರಕ್ತ. ಅವರಲ್ಲಿ ಆ ವರ್ಣತಂತು ಒಂದು ಕಡೆ ತುಂಡಾಗಿತ್ತು, ವಂಶವಾಹಿ ಆ ತುಂಡಾದ ಜಾಗದಲ್ಲೇ ಸಿಕ್ಕಿತು. ಎರಡನೆಯ ವಂಶವಾಹಿ 1996ರಲ್ಲಿ ಸಿಕ್ಕಿತು. ಮನೆಯಲ್ಲಿ ಒಬ್ಬರಿಗೆ ಈ ರೋಗ ಇದ್ದರೆ ಉಳಿದವರು ರಕ್ತದೊತ್ತಡ ನೋಡಿಸಿಕೊಂಡು, ವೈದ್ಯರ ಸಲಹೆಯಂತೆ ಸ್ಕ್ಯಾನಿಂಗ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಂಗತಿ ನಮ್ಮ ಕಥೆಗೆ ಅಣ್ಣತಮ್ಮನಂತಿದೆ. ಆಫ್ರಿಕ ಮೂಲದ ಅಮೆರಿಕನ್ನರಲ್ಲಿ ಮೂತ್ರಪಿಂಡದ ರೋಗ ಏಕೆ ಹೆಚ್ಚು ಎಂದು ಹುಡುಕುತ್ತಿದ್ದ ಬಾಸ್ಟನ್ ನಗರದ ಮಾರ್ಟಿನ್ ಪೊಲಾಕ್ ಮತ್ತು ಸಂಗಡಿಗರು 2010ರಲ್ಲಿ ಒಂದು ವಂಶವಾಹಿಯನ್ನು ಗುರುತಿಸಿದರು. ಅದರ ಬದಲಾದ ರೂಪ ಆಫ್ರಿಕದ ನಿದ್ರಾರೋಗದ ಕ್ರಿಮಿಯನ್ನು ಕೊಲ್ಲಲು ನೆರವಾಗುತ್ತದೆ. ಅದೇ ರೂಪ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚುತ್ತದೆ. ಅಲ್ಲಿ ನಿದ್ರಾರೋಗ, ಇಲ್ಲಿ ಮಲೇರಿಯಾ. ಎರಡು ಕಡೆಯೂ ಪೂರ್ವಿಕರನ್ನು ಬದುಕಿಸಿದ್ದೇ ಮೊಮ್ಮಕ್ಕಳಿಗೆ ಹೊರೆಯಾಯಿತು. ಸಂಶೋಧಕರು ಹೀಗೆ ರೋಗದ ಬೇರನ್ನು ಹುಡುಕುವುದು ಯಾರ ಮೇಲೂ ತಪ್ಪು ಹೊರಿಸಲಿಕ್ಕಲ್ಲ. ಬೇರು ಗೊತ್ತಾದರೆ ಮದ್ದಿಗೆ ದಾರಿಯಾಗುತ್ತದೆ. 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ, ವಂಶವಾಹಿಯನ್ನೇ ತಿದ್ದಿ ಕುಡುಗೋಲು ಕಣದ ರೋಗಕ್ಕೆ ಚಿಕಿತ್ಸೆ ಕೊಡಲು ಅನುಮತಿ ದೊರೆಯಿತು. ಅದರ ಬೆಲೆ ಕೋಟಿಗಟ್ಟಲೆ. ನಮ್ಮಂಥವರ ಕೈಗೆ ಅದು ಎಟುಕುವ ತನಕ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ನೀರು ಮತ್ತು ಮಾತ್ರೆ, ಇವೇ ನಮ್ಮ ಆಸರೆ.

ಈ ಆಸರೆಗಾಗಿ ದೂರ ಹೋಗಬೇಕಿಲ್ಲ. ಕೋಟಗಿರಿಯಲ್ಲಿ ಡಾಕ್ಟರ್ ಎಸ್. ನರಸಿಂಹನ್ ಅವರು 1958ರಲ್ಲಿ ನೀಲಗಿರಿ ಆದಿವಾಸಿ ಕ್ಷೇಮಾಭಿವೃದ್ಧಿ ಸಂಘವನ್ನು ಕಟ್ಟಿದರು. ಗೂಡಲೂರಿನಲ್ಲಿ 1990ರಲ್ಲಿ ಶುರುವಾದ ಆದಿವಾಸಿ ಆಸ್ಪತ್ರೆ ಈ ರೋಗದವರನ್ನು ಗುರುತಿಸಿ ನೋಡಿಕೊಳ್ಳುವ ಕೆಲಸ ಮಾಡಿದೆ. ಕೇಂದ್ರ ಸರಕಾರ 2023ರ ಜುಲೈ 1ರಂದು ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವುದು, 2047ರ ಹೊತ್ತಿಗೆ ರೋಗವನ್ನು ಇಲ್ಲವಾಗಿಸುವುದು ಅದರ ಗುರಿ. ಆರೋಗ್ಯ ಕಾರ್ಯಕರ್ತೆ ನಿಮ್ಮ ಅಂಗಳಕ್ಕೆ ಬಂದು ಬೆರಳು ಚಾಚಿ ಎಂದರೆ ಹಿಂಜರಿಯಬೇಡಿ. ಪರೀಕ್ಷೆಯ ಫಲಿತಾಂಶದ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಗಡಿಯ ಆಚೆ ಗುಂಡ್ಲುಪೇಟೆಗೋ ಮೈಸೂರಿಗೋ ಚಿಕಿತ್ಸೆಗೆ ಹೋದಾಗಲೂ ಅದನ್ನು ಜೊತೆಯಲ್ಲೇ ಒಯ್ಯಿರಿ.

ಕೊನೆಗೆ ಮದುವೆಯ ಮಾತು. ನಾವು ಜಾತಕ ನೋಡುತ್ತೇವೆ, ಕುಲ ನೋಡುತ್ತೇವೆ, ಜಮೀನು ನೋಡುತ್ತೇವೆ. ಅದರ ಜೊತೆಗೆ ಒಂದು ಹನಿ ರಕ್ತವನ್ನೂ ನೋಡೋಣ. ವಾಹಕ ಹುಡುಗಿಯನ್ನು, ವಾಹಕ ಹುಡುಗನನ್ನು ತಳ್ಳಿಹಾಕಲಿಕ್ಕೆ ಅಲ್ಲ. ಇಬ್ಬರೂ ವಾಹಕರಾದರೆ ಮಾತ್ರ ಮುಂದಿನ ಅಪಾಯವನ್ನು ವೈದ್ಯರಲ್ಲಿ ಕೇಳಿ ತಿಳಿದು, ಆಮೇಲೆ ನಿರ್ಧಾರ ಮಾಡಲಿಕ್ಕೆ. ಈಗಾಗಲೇ ಮದುವೆಯಾದ ವಾಹಕ ದಂಪತಿಗಳಿದ್ದರೆ, ಬಸಿರಾದ ಕೂಡಲೇ ವೈದ್ಯರಿಗೆ ತಿಳಿಸಿದರೆ ಮಗುವಿನ ಪರೀಕ್ಷೆಗೂ ಆರೈಕೆಗೂ ದಾರಿಯಿದೆ.

ಆ ಮುದುಕರಿಗೆ ಮುಂದೊಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿ, ನಾನು ಕಲಿತ ಲೆಕ್ಕವನ್ನೆಲ್ಲ ಹೇಳಿದೆ. ಮಗಳ ರಕ್ತ ಪರೀಕ್ಷೆ ಆಗಿತ್ತು, ಅವಳು ವಾಹಕಳು. ಆಮೇಲೆ ಬಂದ ಗಂಡಿನ ಕಡೆಯವರೂ ಪರೀಕ್ಷೆಗೆ ಒಪ್ಪಿದರು, ಹುಡುಗನಲ್ಲಿ ಆ ಗುಣ ಇರಲಿಲ್ಲ. ಮದುವೆ ಆಯಿತು. ಮಗ ಔಷಧ ತೆಗೆದುಕೊಳ್ಳುತ್ತ, ಒಂದು ಸಣ್ಣ ಅಂಗಡಿಯಲ್ಲಿ ಕುಳಿತು ಮಾಡುವ ಕೆಲಸ ಹಿಡಿದಿದ್ದ. ನಾನು ಅಲ್ಲಿಗೆ ಹೋಗಿ, 'ಅಂದು ನಿನಗೆ ಅಂದದ್ದು ತಪ್ಪಾಯಿತಪ್ಪಾ' ಎಂದೆ. 'ಇರಲಿ ಬಿಡಿ ಸಾರ್, ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ' ಎಂದ. ಅವನ ಪಕ್ಕದಲ್ಲಿ ಒಂದು ದೊಡ್ಡ ನೀರಿನ ಬಾಟಲಿ ಇತ್ತು.

ಬಂಧುಗಳೇ, ನಮ್ಮ ಸುತ್ತ ಅಂಥ ಮಕ್ಕಳು ಇದ್ದಾರೆ. ಶಾಲೆಯಲ್ಲಿ ಪದೇ ಪದೇ ಹೊರಗೆ ಹೋಗಲು ಕೇಳುವ ಮಗು, ತೋಟದಲ್ಲಿ ಬೇಗ ಸುಸ್ತಾಗಿ ಕೂರುವ ಹೆಂಗಸು, ಮೈಕೈ ನೋವೆಂದು ಮಲಗುವ ಯುವಕ. ಗದರುವ ಮೊದಲು ಒಂದು ಲೋಟ ನೀರು ಕೊಡಿ, ಆಮೇಲೆ ರಕ್ತ ಪರೀಕ್ಷೆಗೆ ಕಳಿಸಿ.